ಶಿವಗಂಗೆ: ಮೊಣಕಾಲು ನೋವಿರುವ ತಾಯಿಯನ್ನು ಎಲ್ಲಿಯವರೆಗೆ ಹತ್ತಿಸಬಹುದು?

ಹೊಸಮನೆ
ಎಲ್ಲರಿಗೂ ನಮಸ್ಕಾರ. ಈ ಕಾರ್ತಿಕದ ಒಂದು ಸೋಮವಾರ ಶಿವಗಂಗೆಗೆ ಹೋಗಲೇಬೇಕೆಂದು ನಮ್ಮ ತಾಯಿಯವರು ಪಟ್ಟು ಹಿಡಿದಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಸಮತಟ್ಟು ನೆಲದಲ್ಲಿ ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಮೆಟ್ಟಿಲು ಇಳಿಯುವಾಗ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ. ಚಿಕ್ಕಂದಿನಲ್ಲಿ ನಮ್ಮ ತಾತನವರ ಜತೆ ಬೆಟ್ಟದ ತುದಿಯವರೆಗೂ ಹತ್ತಿದ್ದರಂತೆ. ಹೀಗಾಗಿ ತುದಿಯಲ್ಲಿರುವ ತೀರ್ಥದ ಕಂಬವನ್ನು ನೋಡದೆ ಹಿಂತಿರುಗಿದರೆ ಹೋದಂತೆಯೇ ಅಲ್ಲ ಎಂಬುದು ಅವರ ವಾದ. ಗಂಗಾಧರೇಶ್ವರನ ದರ್ಶನ ಮಾಡಿಸಿ ಸುಮ್ಮನೆ ಕರೆದುಕೊಂಡು ಬಾ ಎನ್ನುವುದು ನಮ್ಮ ಅಣ್ಣನ ವಾದ. ಇಬ್ಬರ ನಡುವೆ ನಾನು ಸಿಕ್ಕಿಕೊಂಡಿದ್ದೇನೆ. ಎಲ್ಲಿಯವರೆಗೆ ವಯಸ್ಸಾದವರು ಹತ್ತಬಹುದು, ಎಲ್ಲಿಂದಾಚೆಗೆ ಹತ್ತಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಡಾಬಸ್‌ಪೇಟೆಯವನು
ಗಂಗಾಧರೇಶ್ವರ, ಹೊನ್ನಾದೇವಿ, ಪಾತಾಳಗಂಗೆ. ಇಷ್ಟೇ. ಅಣ್ಣನವರ ಮಾತೇ ಸರಿ.

ಬೆಟ್ಟದ ಬುಡ
ಮೇಲಿನವರು ಒಂದೇ ಸಾಲಿನಲ್ಲಿ ಮುಗಿಸಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶಿವಗಂಗೆಯನ್ನು ಒಂದೇ ಗುಡಿಯೆಂದು ಭಾವಿಸಿದರೆ ಈ ಜಗಳ ತೀರುವುದಿಲ್ಲ. ಮುಖ್ಯ ದೇವಸ್ಥಾನಗಳಾದ ಗಂಗಾಧರೇಶ್ವರ ಮತ್ತು ಹೊನ್ನಾದೇವಿಯ ಸನ್ನಿಧಿಗಳು ಬೆಟ್ಟದ ಕೆಳಭಾಗದಲ್ಲೇ ಬಂಡೆಯ ಗವಿಗಳಲ್ಲಿವೆ. ಅಲ್ಲಿಯವರೆಗಿನ ಮೆಟ್ಟಿಲುಗಳು ಅಗಲವಾಗಿದ್ದು, ನಿಧಾನವಾಗಿ ಕುಳಿತು ಎದ್ದು ಹತ್ತಿದರೆ ನಿಮ್ಮ ತಾಯಿಯವರಿಗೆ ಕಷ್ಟವಾಗಲಾರದು. ಅಲ್ಲಿಂದ ಮುಂದೆ, ಬಂಡೆಯ ಕುಳಿಯೊಳಗೆ ನೀರಿರುವ ಒಳಕಲ್ಲು ತೀರ್ಥದ ಕಡೆಗೆ ಹೊರಟರೆ ದಾರಿ ಬೇರೆಯೇ ಆಗುತ್ತದೆ. ಒಂದೊಂದು ಮೆಟ್ಟಿಲು ಒಂದೊಂದು ಎತ್ತರಕ್ಕಿರುತ್ತದೆ, ಕೆಲವು ಕಡೆ ಬಂಡೆಯನ್ನೇ ಕಡಿದು ಕಾಲಿಡಲು ಜಾಗ ಮಾಡಿದ್ದಾರೆ. ಒಳಕಲ್ಲನ್ನೂ ದಾಟಿದ ಮೇಲೆ, ಕೊನೆಯ ಭಾಗದಲ್ಲಿ, ಬೋಳು ಬಂಡೆಯ ಮೇಲೆ ಕಬ್ಬಿಣದ ಕಂಬಿ ಹಿಡಿದು ಮೈಯನ್ನು ಎಳೆದುಕೊಂಡೇ ಹತ್ತಬೇಕು. ನಿಮ್ಮ ತಾಯಿಯವರ ತೊಂದರೆ ಇಳಿಯುವಾಗ ಎಂದು ನೀವೇ ಬರೆದಿದ್ದೀರಿ. ಆ ಕೊನೆಯ ಭಾಗದಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ಮೆಟ್ಟಿಲೇರಿದವ
ಇಷ್ಟು ಹೆದರಿಸುವ ಅಗತ್ಯವಿಲ್ಲ. ಕಂಕುಳಲ್ಲಿ ಮಗುವನ್ನು ಎತ್ತಿಕೊಂಡವರೂ, ಕೋಲೂರಿಕೊಂಡ ಅಜ್ಜಂದಿರೂ ತುದಿಯವರೆಗೆ ಹೋಗಿಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಬೇಗ ಹೊರಟು, ಅಲ್ಲಲ್ಲಿ ಕುಳಿತು, ಮಜ್ಜಿಗೆ ಕುಡಿದು, ಸೌತೆಕಾಯಿ ತಿಂದು ಹತ್ತಿದರೆ ಯಾರಿಗೂ ಏನೂ ಆಗುವುದಿಲ್ಲ. ಅರ್ಧಕ್ಕೇ ಹಿಂತಿರುಗುವುದಾದರೆ ಬೆಟ್ಟಕ್ಕೆ ಏಕೆ ಹೋಗಬೇಕು?

ಬೆಟ್ಟದ ಬುಡ
ಕೋಲೂರಿಕೊಂಡು ಹತ್ತಿದ ಅಜ್ಜಂದಿರು ನಿಮಗೆ ಕಾಣುತ್ತಾರೆ. ಒಳಕಲ್ಲಿನ ಹತ್ತಿರ ಉಸಿರು ಸಿಗದೆ ಕುಳಿತು, ಮಗ ಮೇಲೆ ಹೋಗಿ ಫೋಟೊ ತೆಗೆದುಕೊಂಡು ಬರುವವರೆಗೆ ಬಿಸಿಲಲ್ಲಿ ಕಾಯುವ ಅಜ್ಜಂದಿರು ಮೇಲೆ ಹೋದವರಿಗೆ ಕಾಣುವುದಿಲ್ಲ. ಕೆಳಗೆ ಇರುವವನಾಗಿ ನಾನು ಕಾಣುವುದು ಅವರನ್ನೇ.

ಕಾಲುನೋವಿನ ಅನುಭವಿ
ಮೂಳೆ ವೈದ್ಯರ ಬಳಿ ವರ್ಷಗಳಿಂದ ಅಲೆಯುತ್ತಿರುವವಳ ಮಾತೆಂದು ಇದನ್ನು ಓದಿರಿ. ಮೆಟ್ಟಿಲು ಇಳಿಯುವಾಗ ಬಾಗಿದ ಮೊಣಕಾಲಿನ ಮೇಲೆ ದೇಹದ ಭಾರದ ಹಲವು ಪಟ್ಟು ಒತ್ತಡ ಬೀಳುತ್ತದೆ. ಮಂಡಿಚಿಪ್ಪಿನ ಹಿಂದಿನ ಮೃದ್ವಸ್ಥಿ ಸವೆದವರಿಗೆ ನೋವು ಅಲ್ಲಿಯೇ ಹೆಚ್ಚಾಗುವುದು. ಆದ್ದರಿಂದ ಎಲ್ಲಿಯವರೆಗೆ ಹತ್ತಬಲ್ಲರು ಎಂದು ನೋಡಬೇಡಿ, ಎಲ್ಲಿಂದ ಇಳಿಯಬಲ್ಲರು ಎಂದು ನೋಡಿ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕಂಬಿ ಇರಲಿ. ಇಳಿಯುವಾಗ ನೋವಿರುವ ಕಾಲನ್ನು ಮೊದಲು ಕೆಳಗಿಡಲಿ, ಹತ್ತುವಾಗ ಗಟ್ಟಿಯಾದ ಕಾಲನ್ನು ಮೊದಲು ಮೇಲಿಡಲಿ. ಹೊರಡುವ ಕೆಲವು ದಿನ ಮೊದಲು ಮನೆಯ ಹತ್ತಿರವೇ ಎರಡು ಮಹಡಿ ಇಳಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ಇಲ್ಲಿನ ನಾವೆಲ್ಲರೂ ಕೊಡುವುದಕ್ಕಿಂತ ಖಚಿತವಾದ ಉತ್ತರ ಸಿಗುತ್ತದೆ.

ದಕ್ಷಿಣಕಾಶಿ
ಎಲ್ಲರೂ ಮಂಡಿಯ ಬಗ್ಗೆಯೇ ಬರೆಯುತ್ತಿದ್ದೀರಿ, ಕ್ಷೇತ್ರದ ಬಗ್ಗೆ ಯಾರೂ ಬರೆಯುತ್ತಿಲ್ಲ. ಪುರಾಣಗಳ ಕಕುದ್ಗಿರಿ ಇದು. ಇಲ್ಲಿಂದ ಕಾಶಿಗೆ ಎಷ್ಟು ಯೋಜನ ದೂರವೋ ಈ ಬೆಟ್ಟಕ್ಕೆ ಅಷ್ಟು ಮೆಟ್ಟಿಲುಗಳಿವೆ, ಇವನ್ನು ಹತ್ತಿದವರಿಗೆ ಕಾಶಿಯಾತ್ರೆಯ ಫಲವಿದೆ ಎಂಬ ನಂಬಿಕೆ ಹಿಂದಿನಿಂದಲೂ ಇದೆ. ಪೂರ್ವದಿಂದ ನೋಡಿದರೆ ಬೆಟ್ಟ ನಂದಿಯಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ಉತ್ತರದಿಂದ ಸರ್ಪದಂತೆಯೂ, ದಕ್ಷಿಣದಿಂದ ಲಿಂಗದಂತೆಯೂ ಕಾಣುತ್ತದೆ ಎನ್ನುತ್ತಾರೆ. ಹೀಗಿರುವಾಗ ಬೆಟ್ಟವೇ ದೇವರಲ್ಲವೇ? ಆ ತಾಯಿಯವರು ತುದಿಯನ್ನು ಕೇಳುತ್ತಿರುವುದರಲ್ಲಿ ತಪ್ಪೇನಿದೆ?

ಸಂದೇಹಿ
ಬೆಟ್ಟವೇ ದೇವರಾದರೆ ಬುಡವೂ ದೇವರೇ ಆಯಿತಲ್ಲ ಸ್ವಾಮಿ. ನಿಮ್ಮ ತರ್ಕದಿಂದಲೇ ಅಣ್ಣನವರು ಗೆದ್ದರು.

ಡಾಬಸ್‌ಪೇಟೆಯವನು
ಸಂದೇಹಿಯವರಿಗೆ ಒಂದು ಲೋಟ ಮಜ್ಜಿಗೆ ನನ್ನ ಲೆಕ್ಕದಲ್ಲಿ.

ದಕ್ಷಿಣಕಾಶಿ
ಮಾತಿನಲ್ಲಿ ಗೆಲ್ಲುವುದು ಸುಲಭ. ಹಿಂದಿನವರು ಗಂಗಾಧರನ ದರ್ಶನ ಮಾಡಿ, ಒಳಕಲ್ಲಿನಲ್ಲಿ ಕೈಯಿಟ್ಟು, ಮೇಲಿನ ಬಂಡೆಯ ಮೇಲಿರುವ ಕೋಡುಗಲ್ಲು ಬಸವಣ್ಣನನ್ನು (ನಂದಿಯನ್ನು) ಸುತ್ತಿ, ಕಂಬದ ಹತ್ತಿರ ಕೈಮುಗಿದು ಬರುವುದನ್ನು ಒಂದು ಯಾತ್ರೆ ಎಂದು ಕರೆಯುತ್ತಿದ್ದರು. ಈಗಿನವರು ಕಾರು ನಿಲ್ಲಿಸಿ, ಮಂಗಳಾರತಿ ತೆಗೆದುಕೊಂಡು, ಮಧ್ಯಾಹ್ನದ ಊಟಕ್ಕೆ ಹೆದ್ದಾರಿಯ ಹೋಟೆಲು ಸೇರುತ್ತಾರೆ. ಇದಕ್ಕೆ ಬೇಸರವಾಗುತ್ತದೆ ಎಂದಷ್ಟೇ ನಾನು ಹೇಳಿದ್ದು.

ತುಮಕೂರು ಸೊಸೆ
ದಕ್ಷಿಣಕಾಶಿಯವರೇ, ಹಿಂದಿನವರು ಎಂದು ನೀವು ಹೇಳುತ್ತಿರುವವರಲ್ಲಿ ಎಪ್ಪತ್ತು ದಾಟಿದವರೆಲ್ಲರೂ ತುದಿ ಹತ್ತುತ್ತಿದ್ದರೇ? ನಮ್ಮ ಅತ್ತೆಯವರ ಮನೆಯ ಪದ್ಧತಿ ಹೀಗಿತ್ತು: ಗಟ್ಟಿಮುಟ್ಟಾದವರು ಮೇಲೆ ಹೋಗಿ ತೀರ್ಥ ತರುತ್ತಿದ್ದರು, ಹಿರಿಯರು ಹೊನ್ನಾದೇವಿಯ ಗುಡಿಯ ಹತ್ತಿರ ಕಾಯುತ್ತಿದ್ದರು. ತಂದ ತೀರ್ಥವನ್ನು ಅವರ ತಲೆಗೆ ಪ್ರೋಕ್ಷಿಸಿದರೆ ಮುಗಿಯಿತು. ಹೋಗಲಿಲ್ಲವೆಂದು ಯಾರೂ ಅವರನ್ನು ಕೀಳಾಗಿ ಕಾಣುತ್ತಿರಲಿಲ್ಲ. ಹೊಸಮನೆಯವರು ಇದನ್ನೇ ಏಕೆ ಮಾಡಬಾರದು? ಅಣ್ಣನವರು ಮೇಲೆ ಹೋಗಲಿ, ಹೇಗಿದ್ದರೂ ಹತ್ತಬೇಡ ಎಂದು ಹೇಳುತ್ತಿರುವವರು ಅವರೇ ತಾನೇ!

ಹೊಸಮನೆ
ಈ ಸಲಹೆಯನ್ನು ಅಮ್ಮನಿಗೆ ಓದಿ ಹೇಳಿದೆ. ಅರ್ಧ ಒಪ್ಪಿದ್ದಾರೆ. ಒಳಕಲ್ಲು ತೀರ್ಥದಲ್ಲಿ ಮಾತ್ರ ತಾವೇ ಕೈಯಿಟ್ಟು ನೋಡಬೇಕಂತೆ, ಅದನ್ನು ಮಗನ ಕೈಯಲ್ಲಿ ಮಾಡಿಸುವಂತಿಲ್ಲ ಎನ್ನುತ್ತಾರೆ. ಅಲ್ಲಿಯವರೆಗಾದರೂ ಸಾಧ್ಯವೇ? ಇನ್ನೊಂದು ವಿಷಯ: ಬೆಟ್ಟದ ಎತ್ತರ 804 ಮೀಟರ್ ಎಂದು ಅಣ್ಣ ಎಲ್ಲೋ ಓದಿದ್ದಾನೆ. ಅಷ್ಟನ್ನೂ ಹತ್ತಬೇಕೇ?

ಅಳತೆಗೋಲು
ಆ 804 ಮೀಟರ್ ಎಂಬ ಸಂಖ್ಯೆಯನ್ನು ಒಬ್ಬರನ್ನು ನೋಡಿ ಇನ್ನೊಬ್ಬರು ಬರೆಯುತ್ತಾ ಬಂದಿದ್ದಾರೆ. ಸ್ವಲ್ಪ ಯೋಚಿಸಿದರೂ ಅದು ಸರಿಯಲ್ಲವೆಂದು ತಿಳಿಯುತ್ತದೆ. ಬೆಂಗಳೂರು ನಗರವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನೆಲಮಂಗಲದ ಬಯಲೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಹಾಗಿರುವಾಗ ಸಮುದ್ರಮಟ್ಟದಿಂದ 804 ಮೀಟರ್ ಎಂದರೆ ಶಿವಗಂಗೆ ಬೆಟ್ಟವಾಗಿರದೆ ಹಳ್ಳವಾಗಿರಬೇಕಿತ್ತು. ಬುಡದಿಂದ 804 ಮೀಟರ್ ಎಂದರೆ ಅದೂ ಸುಳ್ಳು, ಅಷ್ಟು ಏರಿದರೆ ನಾವು ಮುಳ್ಳಯ್ಯನಗಿರಿಗೆ ಸವಾಲು ಹಾಕುವ ಎತ್ತರದಲ್ಲಿರುತ್ತೇವೆ. ಬೆಟ್ಟದ ತುದಿ ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಅಡಿಯ ಆಸುಪಾಸಿನಲ್ಲಿದೆ. ಸುತ್ತಲಿನ ಬಯಲಿನ ಎತ್ತರವನ್ನು ಕಳೆದರೆ ಹತ್ತಬೇಕಾದದ್ದು ಅದರ ಒಂದು ಪಾಲು ಮಾತ್ರ. ಒಳಕಲ್ಲಿಗಾದರೆ ಇನ್ನೂ ಕಡಿಮೆ.

ಮೆಟ್ಟಿಲೇರಿದವ
ಸಂಖ್ಯೆ ಯಾವುದಾದರೇನು, ತೊಡೆ ನಡುಗುವುದು ನಿಜ.

ಬೆಟ್ಟದ ಬುಡ
ಹೊಸಮನೆಯವರೇ, ಒಳಕಲ್ಲು ತೀರ್ಥಕ್ಕೆ ಹೋಗುವುದು ಮನೆಯಲ್ಲಿ ಮೆಟ್ಟಿಲು ಇಳಿಸಿ ನೋಡಿದ ಮೇಲಿನ ಮಾತು. ಹೋದರೂ ಆತುರ ಬೇಡ. ಅಲ್ಲಿ ಬಂಡೆಯ ಕಿರಿದಾದ ಕುಳಿಯೊಳಗೆ ತೋಳನ್ನು ಇಳಿಬಿಡಬೇಕು. ನೀರು ಕೈಗೆ ತಾಗಿದವರಿಗೆ ಪುಣ್ಯ, ತಾಗದವರಿಗೆ ಏನೋ ಕೊರತೆ ಎಂಬ ಮಾತಿದೆ. ತೋಳು ಉದ್ದವಿರುವವರಿಗೂ ಕೆಲವೊಮ್ಮೆ ಸಿಗುವುದಿಲ್ಲ, ಗಿಡ್ಡ ತೋಳಿನ ಮಕ್ಕಳಿಗೂ ಸಿಗುತ್ತದೆ. ಹೆಬ್ಬಂಡೆಯ ಅಂಚಿಗೆ ಭುಜವನ್ನು ಒತ್ತಿ, ಕೆನ್ನೆಯನ್ನು ಕಲ್ಲಿಗೆ ತಾಗಿಸಿ, ಬೆರಳುಗಳನ್ನು ಕತ್ತಲಲ್ಲಿ ಆಡಿಸುತ್ತಾ ಇರುವಾಗ ಹಿಂದಿನಿಂದ ಹತ್ತು ಜನ "ಸಿಕ್ಕಿತೇ? ಸಿಕ್ಕಿತೇ?" ಎಂದು ಕೇಳುತ್ತಿರುತ್ತಾರೆ. ಸಿಗದವರಿಗೆ ಅಲ್ಲಿ ಆಗುವ ಮುಜುಗರ ನೋಡಲಾಗುವುದಿಲ್ಲ. ನಿಮ್ಮ ತಾಯಿಯವರಿಗೆ ಸಿಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳದಂತೆ ಮೊದಲೇ ಹೇಳಿಡಿ.

ಸಂದೇಹಿ
ನೀರಿನ ಮಟ್ಟ ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಪಾಪಪುಣ್ಯದ ಲೆಕ್ಕ ಅಷ್ಟೇ. ಕಾರ್ತಿಕದಲ್ಲಿ ಹೋಗುತ್ತಿರುವುದರಿಂದ ಅವಕಾಶ ಚೆನ್ನಾಗಿದೆ, ಚಿಂತಿಸಬೇಡಿ. ಇದೇ ಸಂದರ್ಭದಲ್ಲಿ ಇನ್ನೊಂದನ್ನೂ ಕೇಳಿಬಿಡುತ್ತೇನೆ. ಗರ್ಭಗುಡಿಯಲ್ಲಿ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಎನ್ನುತ್ತಾರಲ್ಲ, ಅದನ್ನು ಹತ್ತಿರದಿಂದ ಕಂಡವರು ಯಾರಾದರೂ ಇದ್ದೀರಾ?

ದಕ್ಷಿಣಕಾಶಿ
ನಾನು ಕಂಡಿದ್ದೇನೆ. ಒಯ್ದ ತುಪ್ಪವನ್ನು ಅರ್ಚಕರು ಲಿಂಗದ ಮೇಲೆ ಹಾಕಿ ಅಂಗೈಯಿಂದ ನಯವಾಗಿ ತಿಕ್ಕುತ್ತಾರೆ. ನೋಡುನೋಡುತ್ತಿದ್ದಂತೆ ಹಳದಿ ಬಣ್ಣ ಹೋಗಿ, ಬೆಳ್ಳಗಿನ ಮುದ್ದೆ ಅವರ ಬೆರಳ ಸಂದುಗಳಲ್ಲಿ ಕಾಣುತ್ತದೆ. ಅದನ್ನೇ ಪ್ರಸಾದವಾಗಿ ಕೊಡುತ್ತಾರೆ. ಬೆಣ್ಣೆಯಿಂದ ತುಪ್ಪವಾಗುವುದನ್ನು ಎಲ್ಲರೂ ನೋಡಿದ್ದೀರಿ, ತುಪ್ಪದಿಂದ ಬೆಣ್ಣೆಯಾಗುವುದನ್ನು ಇಲ್ಲಿ ಮಾತ್ರ ನೋಡಬಹುದು.

ಸಂದೇಹಿ
ನೀವು ಹೇಳಿದ್ದರಲ್ಲಿಯೇ ಉತ್ತರವಿದೆ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಪಾಲು ನೀರು ಇರುತ್ತದೆ. ಕಾಯಿಸಿದಾಗ ನೀರು ಆವಿಯಾಗಿ, ಹಾಲಿನ ಘನಾಂಶ ಕೆಳಗೆ ಕೂತು, ಉಳಿಯುವ ಕೊಬ್ಬೇ ತುಪ್ಪ. ಅದೇ ತುಪ್ಪವನ್ನು ತಣ್ಣೀರಿನೊಂದಿಗೆ ಬಿಡದೆ ತಿಕ್ಕಿದರೆ ನೀರಿನ ಸಣ್ಣ ಹನಿಗಳು ಕೊಬ್ಬಿನೊಳಗೆ ಸೇರಿ ಬಿಳುಪೂ ಮೃದುತ್ವವೂ ಬರುತ್ತದೆ. ಆಯುರ್ವೇದದಲ್ಲಿ ಶತಧೌತ ಘೃತವೆಂಬ ಔಷಧವಿದೆ. ತುಪ್ಪವನ್ನು ನೂರು ಬಾರಿ ನೀರಿನಲ್ಲಿ ತೊಳೆದು ಅದನ್ನು ತಯಾರಿಸುತ್ತಾರೆ, ನೋಡಲು ಅದು ಬೆಣ್ಣೆಯೇ. ಗವಿಯೊಳಗಿನ ಕಲ್ಲು ತಣ್ಣಗಿರುತ್ತದೆ, ಅಭಿಷೇಕದಿಂದ ಒದ್ದೆಯಾಗಿರುತ್ತದೆ, ತಿಕ್ಕುವ ಕೈ ಇದೆ. ಇನ್ನೇನು ಬೇಕು?

ದಕ್ಷಿಣಕಾಶಿ
ಹಾಗಾದರೆ ಒದ್ದೆ ಕಲ್ಲಿರುವ ಎಲ್ಲ ಶಿವಾಲಯಗಳಲ್ಲಿಯೂ ಹೀಗೆ ಆಗಬೇಕಲ್ಲ! ಆಗುತ್ತದೆಯೇ?

ಸಂದೇಹಿ
ಎಲ್ಲ ಶಿವಾಲಯಗಳಲ್ಲಿಯೂ ತುಪ್ಪವನ್ನು ಹೀಗೆ ತಿಕ್ಕುವುದಿಲ್ಲ. ಒಮ್ಮೆ ನಿಮ್ಮ ಮನೆಯ ರುಬ್ಬುಗಲ್ಲಿನ ಮೇಲೆ ತಣ್ಣೀರು ಹಾಕಿ ತಿಕ್ಕಿ ನೋಡಿ, ಆಮೇಲೆ ಮಾತಾಡೋಣ.

ತುಮಕೂರು ಸೊಸೆ
ನಾನು ಈಗತಾನೇ ಮಾಡಿ ನೋಡಿದೆ, ಬಟ್ಟಲಿನಲ್ಲಿ. ಬೆಳ್ಳಗಾಯಿತು. ರುಚಿ ಮಾತ್ರ ಬೆಣ್ಣೆಯದಲ್ಲ, ತುಪ್ಪದ್ದೇ. ದೇವಸ್ಥಾನದ್ದನ್ನು ತಿಂದವರು ಅದರ ರುಚಿ ಯಾವುದೆಂದು ಹೇಳಿದರೆ ಈ ವಾದ ಮುಗಿಯುತ್ತದೆ.

ದಕ್ಷಿಣಕಾಶಿ
ಪ್ರಸಾದದ ರುಚಿ ಪರೀಕ್ಷಿಸುವಷ್ಟು ಧೈರ್ಯ ನನಗಿಲ್ಲ. ಕಾಲು ಶತಮಾನದಿಂದ ಕಣ್ಣಿಗೊತ್ತಿಕೊಂಡು ನುಂಗಿದ್ದೇನೆ ಅಷ್ಟೇ.

ಡಾಬಸ್‌ಪೇಟೆಯವನು
ಅಲ್ಲಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದವರೆಗೆ ಸುರಂಗವಿದೆ ಎಂದು ಇನ್ನೂ ಯಾರೂ ಬರೆಯದಿರುವುದು ಆಶ್ಚರ್ಯ.

ಅಳತೆಗೋಲು
ಐವತ್ತು ಕಿಲೋಮೀಟರ್ ಸುರಂಗವನ್ನು ಕೆಂಪೇಗೌಡರ ಕಾಲದಲ್ಲಿ ಕೊರೆದಿದ್ದರೆ ಇಂದು ಮೆಟ್ರೊ ಕೆಲಸಕ್ಕೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ. ಬೆಟ್ಟದ ಕೋಟೆಗೂ ಕೆಂಪೇಗೌಡರಿಗೂ ಸಂಬಂಧವಿದೆ ಎಂಬುದಷ್ಟನ್ನು ಒಪ್ಪಬಹುದು.

ಪ್ರವಾಸಿ ಹುಡುಗ
ನಮ್ಮ ಗುಂಪು ಮುಂದಿನ ವಾರ ಶಾಂತಲಾ ಡ್ರಾಪ್ ನೋಡಲು ಹೋಗುತ್ತಿದೆ. ನಾಟ್ಯರಾಣಿ ಶಾಂತಲೆ ಅಲ್ಲಿಂದ ಜಿಗಿದು ಪ್ರಾಣ ಬಿಟ್ಟಳಂತೆ. ಆ ಜಾಗದಲ್ಲಿ ಬೇಲಿ ಇದೆಯೇ?

ಶಾಸನಪ್ರಿಯ
ಬೇಲಿಯ ಮಾತಿರಲಿ, ಮೊದಲು ಆ ಕಥೆಯ ಬಗ್ಗೆ ಒಂದೆರಡು ಮಾತು. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನೂ, 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದವಳು ಅವಳು. ಅವಳ ಸಾವಿನ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಉಪವಾಸವ್ರತ ಕೈಗೊಂಡು ದೇಹ ಬಿಟ್ಟಳೆಂಬುದೂ ಶಾಸನದಲ್ಲಿಯೇ ಇದೆ. ಬಂಡೆಯಿಂದ ಜಿಗಿದಳು ಎಂಬ ಮಾತು ಮಾತ್ರ ಶಾಸನದಲ್ಲಿ ಇಲ್ಲ. ಮಕ್ಕಳಾಗಲಿಲ್ಲವೆಂಬ ಕೊರಗು, ಸವತಿಯ ಮೇಲಿನ ನೋವು, ಇವೆಲ್ಲ ಕಥೆ ಹೇಳುವವರ ಸೇರ್ಪಡೆ. ಜೈನ ಶ್ರದ್ಧೆಯ ರಾಣಿಯಾದ್ದರಿಂದ ಸಲ್ಲೇಖನ (ಉಪವಾಸದಿಂದ ದೇಹ ಬಿಡುವ ವ್ರತ) ಮಾಡಿರಬೇಕೆಂದು ವಿದ್ವಾಂಸರಲ್ಲಿ ಕೆಲವರು ಊಹಿಸಿದ್ದಾರೆ.

ಮೆಟ್ಟಿಲೇರಿದವ
ಜೈನ ರಾಣಿ ಸಲ್ಲೇಖನ ಮಾಡಲು ಶಿವನ ಬೆಟ್ಟಕ್ಕೆ ಏಕೆ ಬರುತ್ತಾಳೆ? ಬೆಳಗೊಳವೇ ಇತ್ತಲ್ಲ! ಈ ಊಹೆ ನನಗೆ ಒಪ್ಪಿಗೆಯಾಗುವುದಿಲ್ಲ.

ಶಾಸನಪ್ರಿಯ
ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ, ಗಂಡ ವೈಷ್ಣವ. ಅಂಥ ಮನೆಯ ಹೆಣ್ಣುಮಗಳು ಶಿವನ ತೀರ್ಥಕ್ಕೆ ಬಂದದ್ದರಲ್ಲಿ ಅಚ್ಚರಿಯೇನಿಲ್ಲ. ಕಾಯಿಲೆಯಿಂದಲೇ ತೀರಿಕೊಂಡಿರಬಹುದಲ್ಲವೇ? ಒಂದು ಕಲ್ಲಂಚಿಗೆ ಹೆಸರಿಟ್ಟು, ಪ್ರತಿಯೊಬ್ಬ ಪ್ರವಾಸಿಯೂ ಅಲ್ಲಿ ಬಗ್ಗಿ ನೋಡಿ ಫೋಟೊ ತೆಗೆಸಿಕೊಳ್ಳುವಂತೆ ಮಾಡಿರುವುದು ಮಾತ್ರ ಆ ರಾಣಿಗೆ ಮಾಡಿದ ಗೌರವವಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಟ್ಟದ ಬುಡ
ಪ್ರವಾಸಿ ಹುಡುಗರೇ, ಕಂಬಿ ಇದೆ, ಕಂಬಿಯ ಆಚೆಗೆ ಕಾಲಿಡಬೇಡಿ. ಕೋಡುಗಲ್ಲು ಬಸವಣ್ಣನ ಹತ್ತಿರವೂ ಇದೇ ಮಾತು. ಬಸವಣ್ಣನನ್ನು ಸುತ್ತಲು ಇರುವ ಜಾಗ ಬಹಳ ಕಿರಿದು, ಒಬ್ಬರು ಸುತ್ತುವಾಗ ಇನ್ನೊಬ್ಬರು ಎದುರಿನಿಂದ ನುಗ್ಗಬಾರದು. ಅಲ್ಲಿ ಗಾಳಿಯೂ ಜೋರಾಗಿರುತ್ತದೆ. ಮಳೆ ಹನಿದ ಮೇಲೆ ಬಂಡೆ ಜಾರುತ್ತದೆ, ಗುಡುಗು ಕೇಳಿಸಿದರೆ ಕಬ್ಬಿಣದ ಕಂಬಿ ಬಿಟ್ಟು ಇಳಿಯಲಾಗುವುದಿಲ್ಲ, ಕಂಬಿ ಹಿಡಿದು ನಿಲ್ಲುವುದೂ ಕ್ಷೇಮವಲ್ಲ. ಹಾಗಾಗಿ ಮೋಡ ಕಂಡ ದಿನ ಮೇಲಕ್ಕೆ ಹೋಗಲೇಬೇಡಿ.

ಹೊಸಮನೆ
ಚಪ್ಪಲಿಯ ವಿಚಾರ ಹೇಗೆ? ಬರಿಗಾಲಲ್ಲಿಯೇ ಹತ್ತಬೇಕೆಂಬುದು ಅಮ್ಮನ ಆಸೆ.

ದಕ್ಷಿಣಕಾಶಿ
ಬರಿಗಾಲೇ ಉತ್ತಮ. ಕಲ್ಲಿನ ಮೇಲೆ ಬೆರಳುಗಳಿಗೆ ಹಿಡಿತ ಸಿಗುತ್ತದೆ, ದೇವರ ಬೆಟ್ಟವೆಂಬ ಭಾವವೂ ಉಳಿಯುತ್ತದೆ.

ಕಾಲುನೋವಿನ ಅನುಭವಿ
ಬೆಳಿಗ್ಗೆ ಹಾಗೆನಿಸುತ್ತದೆ. ಹನ್ನೊಂದು ಗಂಟೆಯಾದ ಮೇಲೆ ಅದೇ ಕಲ್ಲು ಕಾದು ಅಂಗಾಲು ಸುಡುತ್ತದೆ, ಸುಟ್ಟ ಕಾಲಿನವರು ಆತುರದಲ್ಲಿ ಹೆಜ್ಜೆ ತಪ್ಪುತ್ತಾರೆ. ಹಿಡಿತವಿರುವ ಅಟ್ಟೆಯ ಬೂಟನ್ನೋ, ಹಿಂದೆ ಪಟ್ಟಿಯಿರುವ ಚಪ್ಪಲಿಯನ್ನೋ ಹಾಕಿಕೊಂಡು ಹೋಗಿ, ಸನ್ನಿಧಿಗಳ ಹೊರಗೆ ಬಿಟ್ಟರಾಯಿತು. ಹವಾಯಿ ಚಪ್ಪಲಿ ಮಾತ್ರ ಬೇಡವೇ ಬೇಡ. ವ್ರತವಿದ್ದರೆ ಕೆಳಗಿನ ಗುಡಿಯವರೆಗೆ ಬರಿಗಾಲು, ಅದರಿಂದಾಚೆಗೆ ಚಪ್ಪಲಿ ಎಂದು ತಾಯಿಯವರ ಜತೆ ರಾಜಿ ಮಾಡಿಕೊಳ್ಳಿ.

ಪ್ರವಾಸಿ ಹುಡುಗ
ರೋಪ್‌ವೇ ಹಾಕಿಬಿಟ್ಟರೆ ಈ ಎಲ್ಲ ಸಮಸ್ಯೆಗಳೂ ತೀರುತ್ತವೆ. ವಯಸ್ಸಾದವರಿಗೂ ತುದಿ ಸಿಗುತ್ತದೆ.

ದಕ್ಷಿಣಕಾಶಿ
ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಎಂದಾಗ ಮೈಸೂರಿನವರು ಏಕೆ ವಿರೋಧಿಸಿದರೆಂದು ಕೇಳಿ ನೋಡಿ. ಅಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ಮೆಟ್ಟಿಲುಗಳೂ ಇವೆ, ವಾಹನದ ರಸ್ತೆಯೂ ಇದೆ. ರಸ್ತೆಯಾದ ಮೇಲೆ ತುದಿಯಲ್ಲಿ ಅಂಗಡಿ, ಕಟ್ಟಡ, ವಾಹನದ ದಟ್ಟಣೆ ಎಷ್ಟು ಬೆಳೆಯಿತೆಂಬುದು ಎಲ್ಲರಿಗೂ ಕಾಣುತ್ತಿದೆ. ಶಿವಗಂಗೆಯ ತುದಿಯಲ್ಲಿ ಅಷ್ಟು ಜನ ನಿಲ್ಲಲು ಜಾಗವೇ ಇಲ್ಲ.

ತುಮಕೂರು ಸೊಸೆ
ಇದೊಂದು ವಿಷಯದಲ್ಲಿ ದಕ್ಷಿಣಕಾಶಿಯವರ ಪರ ನಾನು. ಆದರೆ ಮುದುಕರು ಬುಡದಲ್ಲಿಯೇ ಇರಲಿ ಎಂದು ಹೇಳುವುದಾದರೆ ಬುಡದಲ್ಲಿ ನೆರಳಿರುವ ಕಟ್ಟೆಗಳೂ, ಹೆಂಗಸರಿಗೆ ಶುಚಿಯಾದ ಶೌಚಾಲಯವೂ, ಕುಡಿಯುವ ನೀರೂ ಇರಬೇಕು. ಹಬ್ಬದ ದಿನ ಇವುಗಳಿಗಾಗಿ ಪರದಾಡುವುದು ಯಾರಿಗೆ ಗೊತ್ತಿಲ್ಲ? ತೀರಾ ನಡೆಯಲಾಗದವರಿಗೆ ಹತ್ತಿರದ ದೇವರಾಯನದುರ್ಗವೂ ಇದೆ, ಭೋಗನರಸಿಂಹನ ಗುಡಿಯ ಹತ್ತಿರದವರೆಗೂ ವಾಹನ ಹೋಗುತ್ತದೆ.

ಹೊಸಮನೆ
ಅಮ್ಮನ ಮುಂದೆ ನರಸಿಂಹನ ಹೆಸರೆತ್ತಿ ಬೈಸಿಕೊಂಡೆ. ಗಂಗಾಧರನೇ ಆಗಬೇಕು. ಮಹಡಿ ಇಳಿಸಿ ನೋಡಿದೆವು: ಒಂದನ್ನು ಸುಲಭವಾಗಿ ಇಳಿದರು, ಎರಡನೆಯದರಲ್ಲಿ ಕಂಬಿ ಹಿಡಿದು ನಿಂತರು. ಒಳಕಲ್ಲನ್ನು ಬಿಡುವುದೆಂದು ನಾನೂ ಅಣ್ಣನೂ ತೀರ್ಮಾನಿಸಿದ್ದೇವೆ, ಅಮ್ಮ ಇನ್ನೂ ತೀರ್ಮಾನಿಸಿಲ್ಲ.

ಡಾಬಸ್‌ಪೇಟೆಯವನು
ಬೆಂಗಳೂರಿನಿಂದ ಬರುವವರು ತುಮಕೂರು ಹೆದ್ದಾರಿಯಲ್ಲಿ ಡಾಬಸ್‌ಪೇಟೆಯ ಬಳಿ ಎಡಕ್ಕೆ ತಿರುಗಿ, ಅಲ್ಲಿಂದ ಏಳೆಂಟು ಕಿಲೋಮೀಟರ್ ಬರಬೇಕು. ಕಾರ್ತಿಕ ಸೋಮವಾರ ತಡವಾಗಿ ಬಂದರೆ ಕಾರನ್ನು ದೂರದಲ್ಲಿಯೇ ನಿಲ್ಲಿಸಿ ನಡೆಯಬೇಕಾಗುತ್ತದೆ, ನಿಮ್ಮ ತಾಯಿಯವರ ಶಕ್ತಿ ಅಲ್ಲಿಯೇ ಖರ್ಚಾಗುತ್ತದೆ. ಸೋಮವಾರವೇ ಆಗಬೇಕೆಂಬ ಹಟ ಬಿಟ್ಟರೆ ಕಾರ್ತಿಕದ ಬುಧವಾರವೋ ಗುರುವಾರವೋ ಬನ್ನಿ, ಅರ್ಚಕರು ನಿಂತು ಮಾತಾಡಿಸುವಷ್ಟು ಬಿಡುವಿರುತ್ತದೆ.

ಬೆಟ್ಟದ ಬುಡ
ಕೋತಿಗಳ ಬಗ್ಗೆ ಯಾರೂ ಹೇಳಲಿಲ್ಲ. ಪ್ಲಾಸ್ಟಿಕ್ ಚೀಲ ಕೈಯಲ್ಲಿದ್ದರೆ ಅದು ನಿಮ್ಮದಲ್ಲ ಎಂದುಕೊಳ್ಳಿ. ಹಣ್ಣುಕಾಯಿ, ತುಪ್ಪ, ಔಷಧಿ ಎಲ್ಲವನ್ನೂ ಜಿಪ್ ಇರುವ ಬಟ್ಟೆಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಳ್ಳಿ. ಕಿತ್ತುಕೊಳ್ಳಲು ಬಂದರೆ ಎಳೆದಾಡಬೇಡಿ, ಮೆಟ್ಟಿಲ ಮೇಲೆ ಎಳೆದಾಟಕ್ಕಿಳಿದೇ ಜನ ಬೀಳುವುದು. ತಾಯಿಯವರ ಕೈಯಲ್ಲಿ ಕೋಲು ಮಾತ್ರ ಇರಲಿ.

ಮೆಟ್ಟಿಲೇರಿದವ
ಸಂಕ್ರಾಂತಿಗೆ ಬರುವಂತೆ ಹೇಳಿ ನೋಡಿದಿರಾ? ಆಗ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಕಲ್ಯಾಣೋತ್ಸವ ನಡೆಯುತ್ತದೆ, ತುದಿಯ ಕಂಬದ ಬುಡದಲ್ಲಿ ಉಕ್ಕುವ ತೀರ್ಥವನ್ನು ಕೆಳಕ್ಕೆ ತಂದು ಧಾರೆಗೆ ಬಳಸುತ್ತಾರೆ. ಅಂದು ಕಂಬದ ತೀರ್ಥವೇ ಇಳಿದು ಬರುತ್ತದೆ, ನಿಮ್ಮ ತಾಯಿಯವರು ಹತ್ತಬೇಕಾಗಿಯೇ ಇಲ್ಲ.

ಡಾಬಸ್‌ಪೇಟೆಯವನು
ಸಂಕ್ರಾಂತಿಯ ಜನಜಂಗುಳಿಯಲ್ಲಿ ಎಪ್ಪತ್ತು ದಾಟಿದವರನ್ನು ನಿಲ್ಲಿಸುವುದೇ? ಹೊಸಮನೆಯವರೇ, ಈ ಮಾತನ್ನು ತಾಯಿಯವರಿಗೆ ಓದಿ ಹೇಳಲು ಹೋಗಬೇಡಿ.

ಹೊಸಮನೆ
ಪಕ್ಕದಲ್ಲಿ ಕುಳಿತು ಅವರೇ ಓದುತ್ತಿದ್ದಾರೆ. ಸಂಕ್ರಾಂತಿ ಯಾವ ವಾರ ಬರುತ್ತದೆಂದು ಪಂಚಾಂಗ ತೆಗೆಯುತ್ತಿದ್ದಾರೆ.